ಇನ್ನೂರು ಮೀಟರ್ ದೂರದಿಂದ ತೆಗೆದ ಚಿತ್ರ

ಕಣಕಟ್ಟೆ ಕಡೆಯ ಬಸ್ಸಿಳಿದ ಹುಚ್ಚಮ್ಮ ಅರಸೀಕೆರೆ ಬಸ್ ನಿಲ್ದಾಣದ ಎದುರಿಗಿರುವ ಸ್ಟುಡಿಯೋದ ಮೆಟ್ಟಿಲು ಹತ್ತಿದಾಗ ಬೆಳಿಗ್ಗೆ ಹತ್ತೂಕಾಲು. ಸ್ಟುಡಿಯೋ ನಡೆಸುವ ಉಷಾರಾಣಿ ಕೌಂಟರಿನ ಹಿಂದೆ ನಿಂತು ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನು ಕತ್ತರಿಸುತ್ತಿದ್ದಳು. ಅವಳ ತಂದೆ ಇಂದುಧರ ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಹುಚ್ಚಮ್ಮ ಒಳಗೆ ಬಂದವಳೇ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಗಾಜಿನ ಮೇಲಿಟ್ಟಳು.

"ಸ್ಕೂಲ್ ಫೋಟೋ ತೆಗ್ದೋಳು ನೀನೇನಾ ತಾಯಿ?"

"ಯಾವ ಸ್ಕೂಲಜ್ಜಿ?"

"ನಮ್ಮೂರ್ದು ಕಣವ್ವ. ಎಪ್ಪತ್ತೈದು ವರ್ಸ ಆಯ್ತು ಅಂತ ಫಂಕ್ಷನ್ ಮಾಡಿದ್ರಲ್ಲ, ಗೋಡೆ ತುಂಬ ಫ್ಲೆಕ್ಸ್ ಕಟ್ಟಿ."

ಉಷಾರಾಣಿಗೆ ನೆನಪಾಯಿತು. ಕಣಕಟ್ಟೆಯಿಂದ ಮೂರು ಕಿಲೋಮೀಟರ್ ಒಳಗಿರುವ ಹಳ್ಳಿ, ಹೆಂಚಿನ ಶಾಲೆ, ಹಿಂದೆ ಗುಡ್ಡ. ಹೋದ ತಿಂಗಳು ತೆಗೆದ ಆ ಚಿತ್ರದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

"ನಾನೇ ಅಜ್ಜಿ. ಚೆನ್ನಾಗಿ ಬಂದಿತ್ತಲ್ವಾ?"

"ಬಂದಿತ್ತು, ಬಂದಿತ್ತು. ಅಷ್ಟು ಚೆಂದಾಗಿ ಬಂದಿದ್ಕೇ ನನ್ನ ನಾಕು ಮರ ಹೋಗ್ತಾ ಅವೆ. ಓದು ಇದ್ನ."

ಕಾಗದ ಗ್ರಾಮ ಪಂಚಾಯಿತಿಯದು. ಶಾಲಾ ಕಟ್ಟಡದ ಮೇಲೆ ಅಪಾಯಕಾರಿಯಾಗಿ ಬಾಗಿರುವ ನಾಲ್ಕು ತೆಂಗಿನ ಮರಗಳನ್ನು ಅವುಗಳ ಮಾಲೀಕರಾದ ಹುಚ್ಚಮ್ಮನವರು ಹದಿನೈದು ದಿನದೊಳಗೆ ತೆರವುಗೊಳಿಸತಕ್ಕದ್ದು, ತಪ್ಪಿದಲ್ಲಿ ಪಂಚಾಯಿತಿಯಿಂದಲೇ ತೆರವುಗೊಳಿಸಲಾಗುವುದು ಎಂದು ಅದರಲ್ಲಿತ್ತು. ತಾರೀಖು ನೋಡಿದರೆ ಒಂಬತ್ತು ದಿನ ಕಳೆದಿತ್ತು. ಕೆಳಗೆ 'ಲಗತ್ತು: ಛಾಯಾಚಿತ್ರ' ಎಂದಿತ್ತು. ಮುಂದಿನ ಹಾಳೆಯಲ್ಲಿ ಉಷಾರಾಣಿಯದೇ ಚಿತ್ರದ ಜೆರಾಕ್ಸ್ ಪ್ರತಿ. ಕಪ್ಪು ಬಿಳುಪಾಗಿ, ಮಸಿಮಸಿಯಾಗಿದ್ದರೂ ಅದರಲ್ಲಿ ನಾಲ್ಕು ತೆಂಗಿನ ಮರಗಳು ಶಾಲೆಯ ಹೆಂಚಿನಿಂದಲೇ ಎದ್ದು ನಿಂತಂತೆ ಕಾಣುತ್ತಿದ್ದವು. ಗರಿಗಳು ಮಾಡಿನ ಮೇಲೆ ಚೆಲ್ಲಿದ ಹಾಗೆ ಇಳಿಬಿದ್ದಿದ್ದವು.

ನಡೆದದ್ದು ಇಷ್ಟು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ದೇವೀರಪ್ಪ ಶಾಲೆಯ ಮಾಡು ರಿಪೇರಿಗೆ ಅರ್ಜಿ ಹಾಕಿದ. ಅರ್ಜಿಗೊಂದು ಫೋಟೋ ಲಗತ್ತಿಸಬೇಕಿತ್ತು. ಸಂಭ್ರಮದ ಫ್ಲೆಕ್ಸಿಗೆ ತೆಗೆಸಿದ ಫೋಟೋ ಅವನ ಫೋನಿನಲ್ಲೇ ಇತ್ತು, ಅದನ್ನೇ ಕೊಟ್ಟ. ಕಡತ ನೋಡಿದ ಎಂಜಿನಿಯರು, ಮರಗಳು ಹೀಗೆ ಮೇಲೆಯೇ ನಿಂತಿರುವಾಗ ಹೊಸ ಹೆಂಚು ಹೊದಿಸಿ ಪ್ರಯೋಜನವಿಲ್ಲ, ಮೊದಲು ಮರ ತೆಗೆಸಿ ಎಂದು ಷರಾ ಬರೆದರು. ಅಲ್ಲಿಂದ ನೋಟೀಸು ಹೊರಟಿತು. ದೇವೀರಪ್ಪನಿಗೆ ಮರದ ಮೇಲೆ ಹಗೆಯಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಮಾಡು ಸರಿಹೋದರೆ ಅವನಿಗೆ ಸಾಕಾಗಿತ್ತು.

"ನನ್ನ ಮರ ಇರೋದು ನನ್ನ ತೋಟದಾಗೆ," ಎಂದಳು ಹುಚ್ಚಮ್ಮ. "ಸ್ಕೂಲಿಗೂ ಅದಕ್ಕೂ ಮಧ್ಯೆ ಬೇಲಿ ಐತೆ, ಬೇಲಿ ಈಚೆಗೆ ನನ್ನ ಹುಲ್ಲಿನ ಮೆದೆ ಐತೆ. ಮೆದೆ ಸುತ್ತ ಗಾಡಿ ತಿರುಗ್ಸ್‌ತೀವಿ ನಾವು. ಅದೆಲ್ಲ ಎಲ್ಲಿಗೋಯ್ತು ನಿನ್ನ ಫೋಟೋದಾಗೆ?"

"ಶಾಲೆ ಹಿಂದೆ ಮರೆಯಾಗಿರುತ್ತೆ ಅಜ್ಜಿ. ಕ್ಯಾಮೆರಾ ಇರೋದನ್ನ ತೆಗೆಯುತ್ತೆ. ನಾನು ಅದರಲ್ಲಿ ಏನೂ ಸೇರಿಸಿಲ್ಲ, ತೆಗೆದೂ ಇಲ್ಲ."

ಅದು ನಿಜವಾಗಿತ್ತು. ಹಾಗಾಗಿಯೇ ಅವಳ ದನಿ ಸ್ವಲ್ಪ ಗಟ್ಟಿಯಾಯಿತು. ಮದುವೆ ಫೋಟೋಗಳಲ್ಲಿ ಮುಖ ಬಿಳುಪು ಮಾಡಿಕೊಡುವುದಕ್ಕೂ ಒಪ್ಪದವಳು ಎಂದು ಊರಿನಲ್ಲಿ ಅವಳಿಗೆ ಹೆಸರಿತ್ತು, ಅದರಿಂದ ಕೆಲವು ಗಿರಾಕಿಗಳನ್ನು ಕಳೆದುಕೊಂಡಿದ್ದೂ ಉಂಟು.

ಹುಚ್ಚಮ್ಮನ ಕಣ್ಣು ಕೌಂಟರಿನ ಹಿಂದಿನ ಗೋಡೆಗೆ ಹೋಗಿತ್ತು. ಅಲ್ಲಿ ಬೇಲೂರಿನ ದೊಡ್ಡದೊಂದು ಚಿತ್ರ ತೂಗುಹಾಕಿತ್ತು. ಗುಡಿಯ ಅಂಗಳದ ಕಲ್ಲಿನ ದೀಪಸ್ತಂಭ, ಅದರ ಬೆನ್ನಿಗೇ ಗೋಪುರ.

"ಅದು ಬೇಲೂರಲ್ವಾ?"

"ಹೂಂ."

"ಆ ಕಂಬನ ಯಾವಾಗ ಕಿತ್ತು ಗೋಪುರದ ಪಕ್ಕಕ್ಕೆ ನೆಟ್ರು? ನಾವು ಹೋದಾಗ ದೂರದಾಗಿತ್ತು. ಎರಡರ ಮಧ್ಯೆ ನಮ್ಮೂರವ್ರು ನಲ್ವತ್ತು ಜನ ಬಿಸ್ಲು ಕಾಯ್ತಾ ಕೂತಿದ್ವಿ."

ಇಂದುಧರ ಪೇಪರಿನ ಹಿಂದಿನಿಂದಲೇ ಜೋರಾಗಿ ನಕ್ಕರು. ಉಷಾರಾಣಿ ತಿರುಗಿ ಗೋಡೆಯ ಚಿತ್ರ ನೋಡಿದಳು. ದಿನಾ ನೋಡುವ ಚಿತ್ರ. ಅಂಗಳದ ತುದಿಯಿಂದ ತೆಗೆದದ್ದು. ಕಂಬ, ಗೋಪುರ ಎರಡೂ ಮೈಗೆ ಮೈ ತಾಗಿಸಿ ನಿಂತಂತೆ ಬಂದಿದ್ದಕ್ಕೇ ಅದನ್ನು ದೊಡ್ಡದು ಮಾಡಿಸಿದ್ದಳು. ನಲವತ್ತು ಜನ ಕೂರುವ ಜಾಗ ಎಲ್ಲಿ ಹೋಯಿತು ಎಂದು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಜೆರಾಕ್ಸ್ ಪ್ರತಿಯನ್ನು ಮತ್ತೆ ಎತ್ತಿಕೊಂಡಳು.

"ನಾಳೆ ಬರ್ತೀನಿ ಅಜ್ಜಿ," ಎಂದಳು. "ಮರ ಕಡಿಯೋಕೆ ಬಿಡಬೇಡಿ."

"ಬಾ. ಆರ್ ದಿನ ಐತೆ, ಆಮೇಲೆ ಬಂದ್ರೆ ಮೋಟು ಕಾಣ್ತವೆ."

*

ಶಾಲೆಯದು, ಬೇಲೂರಿನದು, ಎರಡು ಚಿತ್ರಗಳನ್ನೂ ತೆಗೆದದ್ದು ಒಂದೇ ಲೆನ್ಸಿನಲ್ಲಿ. ನೂರೈವತ್ತರಿಂದ ಆರುನೂರು ಮಿಲಿಮೀಟರಿನ ಟೆಲಿಫೋಟೋ. ಹೊಸದಕ್ಕೆ ಲಕ್ಷ ರೂಪಾಯಿಯ ಆಸುಪಾಸು. ಉಷಾರಾಣಿ ಹಾಸನದ ಹಕ್ಕಿ ಫೋಟೋಗ್ರಾಫರ್ ಒಬ್ಬರಿಂದ ಎಪ್ಪತ್ತೆರಡು ಸಾವಿರಕ್ಕೆ ಕೊಂಡಿದ್ದಳು. ತಂದ ದಿನ ಇಂದುಧರ ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದ್ದರು. ಅವರ ತಂದೆಯ ಕಾಲಕ್ಕೆ ಮನೆಯದು ಕೊಬ್ಬರಿ ಮಂಡಿ. ಮಂಡಿ ಬಿಟ್ಟು ಸ್ಟುಡಿಯೋ ತೆರೆದರೂ ವಸ್ತುವನ್ನು ಕೈಯಲ್ಲಿ ತೂಗದೆ ಮಾತಾಡುವ ಪದ್ಧತಿ ಅವರಿಗಿರಲಿಲ್ಲ.

"ಎಷ್ಟು ಎಕ್ಸ್ ಇದು?"

"ನಾಲ್ಕು ಎಕ್ಸ್ ಅಪ್ಪಾಜಿ."

"ನಾಲ್ಕಾ? ಟಿ.ವಿ. ಅಂಗಡೀಲಿ ಅರವತ್ತು ಎಕ್ಸ್ ಕ್ಯಾಮೆರಾ ಪೂರ್ತಿ ಸೆಟ್ಟು ಮೂವತ್ತೈದು ಸಾವಿರಕ್ಕೆ ಕೊಡ್ತಾನೆ. ನೀನು ನಾಲ್ಕಕ್ಕೆ ಎಪ್ಪತ್ತೆರಡು ಕೊಟ್ಟು ಬಂದಿದ್ದೀಯ. ನಮ್ಮಪ್ಪ ಕೊಬ್ಬರಿ ಹೀಗೆ ಕೊಂಡಿದ್ರೆ ಒಂದೇ ಸೀಸನ್ನಿಗೆ ಮಂಡಿ ಬಾಗಿಲು ಹಾಕ್ಬೇಕಾಗಿತ್ತು."

ಅವಳು ತಾಳ್ಮೆಯಿಂದ ಹೇಳಿದ್ದಳು. ಎಕ್ಸ್ ಅಂದರೆ ಎಷ್ಟು ಹತ್ತಿರ ತರುತ್ತದೆ ಅನ್ನುವ ಲೆಕ್ಕವಲ್ಲ. ಲೆನ್ಸಿನ ಉದ್ದದ ತುದಿಯನ್ನು ಗಿಡ್ಡ ತುದಿಯಿಂದ ಭಾಗಿಸಿದರೆ ಬರುವ ಸಂಖ್ಯೆ, ಅಷ್ಟೆ. ಆರುನೂರನ್ನು ನೂರೈವತ್ತರಿಂದ ಭಾಗಿಸಿದರೆ ನಾಲ್ಕು. ಮದುವೆಗೆ ಒಯ್ಯುವ ಇಪ್ಪತ್ನಾಲ್ಕು–ಎಪ್ಪತ್ತರ ಲೆನ್ಸು ಸುಮಾರು ಮೂರು ಎಕ್ಸ್. ಮೂರಕ್ಕೂ ನಾಲ್ಕಕ್ಕೂ ಒಂದೇ ವ್ಯತ್ಯಾಸ ಎಂದುಕೊಂಡರೆ ಕೆಟ್ಟೆವು, ಒಂದು ಮಂಟಪ ಪೂರ್ತಿ ನೋಡುತ್ತದೆ, ಇನ್ನೊಂದು ಮಂಟಪದ ಕಂಬಕ್ಕೆ ಕಟ್ಟಿದ ಮಾವಿನೆಲೆಯ ನರ ನೋಡುತ್ತದೆ. ಅಂಗಡಿಯ ಆ ಅರವತ್ತು ಎಕ್ಸ್ ಕ್ಯಾಮೆರಾ ಇದಕ್ಕಿಂತ ದೂರ ಮುಟ್ಟುವುದೂ ನಿಜವೇ. ಆದರೆ ಅದರ ಸೆನ್ಸರು ಕಿರುಬೆರಳ ಉಗುರಿನಷ್ಟು, ಗಾಜು ಸಣ್ಣದು. ಬೆಳಕು ಇಳಿದರೆ ಹಕ್ಕಿಯ ಗರಿ ಮುದ್ದೆಯಾಗುತ್ತದೆ. ದುಡ್ಡು ಹೋಗುವುದು ದೂರಕ್ಕಲ್ಲ, ದೂರದಿಂದ ಬರುವ ಬೆಳಕನ್ನು ಹಿಡಿಯುವ ದೊಡ್ಡ ಗಾಜಿಗೆ. ಇದೇ ಆರುನೂರು ಮಿಲಿಮೀಟರಿನಲ್ಲಿ ಇನ್ನೂ ಅಗಲ ಬಾಯಿಯ ಲೆನ್ಸಿದೆ, ಅದರ ಬೆಲೆ ಹತ್ತು ಲಕ್ಷ ದಾಟುತ್ತದೆ.

"ಹತ್ತು ಲಕ್ಷ ಕೊಟ್ಟು ಯಾರಮ್ಮ ದೂರ ನಿಲ್ತಾರೆ?" ಎಂದಿದ್ದರು ಇಂದುಧರ. "ಅರ್ಧ ದುಡ್ಡಲ್ಲಿ ಅಲ್ಲಿಗೇ ನಡ್ಕೊಂಡು ಹೋಗಬಹುದು."

"ಬೇಲೂರಿನ ಮದನಿಕೆ ಹತ್ತಿರ ನಡ್ಕೊಂಡು ಹೋಗಿ ಅಪ್ಪಾಜಿ, ನೋಡೋಣ. ಸೂರಿನ ಕೆಳಗಿದ್ದಾಳೆ ಅವಳು."

ಮಾರನೆಯ ವಾರ ಇಬ್ಬರೂ ಬೇಲೂರಿಗೆ ಹೋಗಿದ್ದರು. ಮೂವತ್ತು ವರ್ಷ ತಲೆಯೆತ್ತಿ ನೋಡಿದ್ದ ಮದನಿಕೆಯ ಕೊರಳ ಸರದ ಒಂದೊಂದು ಮಣಿಯನ್ನೂ ಕ್ಯಾಮೆರಾದ ಪರದೆಯ ಮೇಲೆ ಕಂಡಾಗ ಇಂದುಧರ ಕನ್ನಡಕ ಒರೆಸಿಕೊಂಡಿದ್ದರು. ಬೆಲೆಯ ಮಾತು ಅಲ್ಲಿಗೆ ನಿಂತಿತು. ಕಂಬ–ಗೋಪುರದ ಚಿತ್ರವೂ ಅದೇ ದಿನದ್ದು.

ಶಾಲೆಯ ಚಿತ್ರ ತೆಗೆಯಲು ಹೋದಾಗ ದೇವೀರಪ್ಪ ಕೇಳಿದ್ದು ಒಂದೇ: "ಹಿಂದ್ಗಡೆ ಗುಡ್ಡ ದೊಡ್ಡದಾಗಿ ಬರ್ಬೇಕು ಮೇಡಂ." ಹತ್ತಿರ ನಿಂತರೆ ಗುಡ್ಡ ಮಾಡಿನ ಮೇಲೊಂದು ಗೆರೆಯಂತೆ ಕಾಣುತ್ತಿತ್ತು. ಅವಳು ಕುಯ್ದು ಬಯಲಾಗಿದ್ದ ರಾಗಿ ಹೊಲದೊಳಗೆ ಹಿಂದಹಿಂದಕ್ಕೆ ಹೋಗಿ, ಅಲ್ಲಿಂದ ಟೆಲಿಫೋಟೋ ಹಾಕಿದಳು. ಗುಡ್ಡ ಶಾಲೆಯ ಬೆನ್ನಿಗೇ ಎದ್ದು ಬಂತು. ಗುಡ್ಡದ ಜೊತೆಗೆ ತೆಂಗಿನ ಮರಗಳೂ ಎದ್ದು ಬಂದವು ಎಂಬುದನ್ನು ಆಗ ನೋಡಿದ್ದಳು. ಅಂದವಾಗಿದೆ ಎಂದಷ್ಟೇ ಅನ್ನಿಸಿತ್ತು.

ಅದಕ್ಕಿಂತ ಸೋಜಿಗ ಊರಿನವರದು. ಹುಚ್ಚಮ್ಮ ಹೇಳಿದ ಪ್ರಕಾರ, ಫ್ಲೆಕ್ಸ್ ಕಟ್ಟಿದ ದಿನ ಅದರ ಮುಂದೆ ನಿಂತು, ಅಯ್ಯೋ ಮರ ಸ್ಕೂಲಿನ ಮೇಲೇ ಐತಲ್ಲ ಎಂದು ಮೊದಲು ಬಾಯಿಬಿಟ್ಟವಳು ಅವಳ ಸ್ವಂತ ಸೊಸೆ. ಹುಟ್ಟಿದಾಗಿನಿಂದ ಆ ದಾರಿಯಲ್ಲಿ ಓಡಾಡಿದವರು, ಮೆದೆಯಿಂದ ಹುಲ್ಲು ಹಿರಿದವರು, ಎಲ್ಲರೂ ಹತ್ತು ಹೆಜ್ಜೆ ನಡೆದು ಕಟ್ಟಡದ ಹಿಂದೆ ಇಣುಕುವುದು ಬಿಟ್ಟು ಫ್ಲೆಕ್ಸನ್ನು ನಂಬಿದ್ದರು. ದೊಡ್ಡದಾಗಿ, ಬಣ್ಣವಾಗಿ, ಸಮಿತಿಯ ಹೆಸರು ಹೊತ್ತು ನಿಂತಿತ್ತಲ್ಲ.

ಮಧ್ಯಾಹ್ನ ಕಂಪ್ಯೂಟರಿನಲ್ಲಿ ಮೂಲ ಚಿತ್ರ ತೆರೆದು ಉಷಾರಾಣಿ ವಿವರ ನೋಡಿದಳು. ಇನ್ನೂರ ನಲವತ್ತು ಮಿಲಿಮೀಟರ್. ಹೊಲದ ಬದುವಿನ ಗುರುತು ಹಿಡಿದು ಫೋನಿನ ನಕ್ಷೆಯಲ್ಲಿ ಅಳೆದರೆ ಶಾಲೆಗೆ ಇನ್ನೂರು ಮೀಟರ್.

"ಲೆನ್ಸಿಂದ ಹೀಗಾಯ್ತು ಅಪ್ಪಾಜಿ," ಎಂದಳು.

"ಲೆನ್ಸಿನ ಮೇಲೆ ಯಾಕೆ ಹಾಕ್ತೀಯ? ಹಳೇಬೀಡಲ್ಲಿ ಪ್ರವಾಸಿಗಳ ಫೋಟೋ ತೆಗೀತಾ ನಾನು ಒಂದೇ ಐವತ್ತರ ಲೆನ್ಸ್ ಇಟ್ಕೊಂಡು ಸಂಸಾರ ನಡೆಸಿದೆ. ಗಂಡ ಹೆಂಡ್ತಿ ಮುಂದೆ, ಗುಡಿ ಹಿಂದೆ. ಗುಡಿ ದೊಡ್ಡದು ಬೇಕು ಅಂದೋರಿಗೆ ನಾನು ಹಿಂದಕ್ಕೆ ನಡೀತಿದ್ದೆ, ಜನ ಚಿಕ್ಕದಾಗೋರು, ಗುಡಿ ಹಾಗೇ ಉಳಿಯೋದು. ಮುಖ ದೊಡ್ಡದು ಬೇಕು ಅಂದ್ರೆ ಮುಂದಕ್ಕೆ ಬರ್ತಿದ್ದೆ. ಎಲ್ಲಾ ಮಾಡೋದು ಕಾಲು ಕಣಮ್ಮ. ಲೆನ್ಸು ನೀನು ನಿಂತ ಜಾಗದಿಂದ ಕಂಡದ್ದನ್ನ ದೊಡ್ಡದು ಮಾಡುತ್ತೆ, ಅಷ್ಟೇ."

ಅದೂ ನಿಜವಾಗಿತ್ತು. ತಪ್ಪು ಎಪ್ಪತ್ತೆರಡು ಸಾವಿರದ ಲೆನ್ಸಿನದ್ದಾಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

*

ಮರುದಿನ ಎಂಟು ಗಂಟೆಗೆ ಅವಳು ಸ್ಕೂಟರಿನಲ್ಲಿ ಹಳ್ಳಿ ಸೇರಿದಳು. ಭಾನುವಾರ, ಶಾಲೆಗೆ ಬೀಗ. ಮೊದಲು ಹೊಲಕ್ಕೆ ಹೋಗಿ ಅಂದು ನಿಂತಿದ್ದ ಜಾಗದಿಂದಲೇ ಅದೇ ಚಿತ್ರ ಮತ್ತೆ ತೆಗೆದಳು. ಆಮೇಲೆ ಶಾಲೆಯ ಮುಂದೆ ಇಪ್ಪತ್ತು ಮೀಟರಿಗೆ ಬಂದು ಇಪ್ಪತ್ನಾಲ್ಕು ಮಿಲಿಮೀಟರಿನಲ್ಲಿ ತೆಗೆದಳು. ದೂರ ಹತ್ತರಲ್ಲಿ ಒಂದು ಪಾಲು, ಲೆನ್ಸೂ ಹತ್ತರಲ್ಲಿ ಒಂದು ಪಾಲು. ಹಾಗಾಗಿ ಎರಡೂ ಚಿತ್ರಗಳಲ್ಲಿ ಶಾಲೆ ಒಂದೇ ಅಳತೆಗೆ ಬಂತು. ಮರಗಳು ಮಾತ್ರ ಮೊದಲನೆಯದರಲ್ಲಿ ಮಾಡಿನ ಮೇಲೆ ಕವಿದು ನಿಂತಿದ್ದರೆ, ಎರಡನೆಯದರಲ್ಲಿ ಅರ್ಧಕ್ಕರ್ಧ ಕುಗ್ಗಿ ಎಲ್ಲೋ ಹಿಂದಕ್ಕೆ ಸರಿದಿದ್ದವು.

ಶಾಲೆಯ ಜಗಲಿಯ ಮೇಲೆ ಕ್ಯಾಮೆರಾದ ಪರದೆಗೆ ದೇವೀರಪ್ಪ, ಹುಚ್ಚಮ್ಮ ಇಬ್ಬರೂ ಬಗ್ಗಿದರು.

"ಇದು ನಮ್ ಸ್ಕೂಲೇ?" ಎಂದ ದೇವೀರಪ್ಪ.

"ಎರಡೂ ನಿಮ್ಮ ಸ್ಕೂಲೇ. ಇವತ್ತೇ ತೆಗೆದದ್ದು, ಕಾಲು ಗಂಟೆ ಅಂತರದಲ್ಲಿ."

"ಅಲ್ಲ ಮೇಡಂ, ಮರ ನಡ್ಕೊಂಡು ಹೋಗ್ಬಿಟ್ಟವಲ್ಲ!"

"ಮರ ಅಲ್ಲ ಕಣ್ಲಾ ದೇವೀರ, ಇವ್ಳು ನಡ್ದಿರೋದು," ಎಂದಳು ಹುಚ್ಚಮ್ಮ. ಅವಳ ಮುಖ ಅರಳಿತ್ತು. "ನೋಡಿದ್ಯಾ? ನಾನು ಬಾಯಿ ಬಡ್ಕಂಡ್ರೂ ನೀನು ಕೇಳ್ಲಿಲ್ಲ. ನೋಡ್ಕೋ ಈಗ, ಎಲ್ಲವೆ ನನ್ನ ಮರ."

ದೇವೀರಪ್ಪ ತಲೆ ಕೆರೆದುಕೊಂಡ. ಪರಿಚಯವಿದ್ದ ಎಂಜಿನಿಯರಿಗೆ ಅಲ್ಲಿಂದಲೇ ಫೋನು ಮಾಡಿ, ಜಗಲಿಯುದ್ದಕ್ಕೂ ಅತ್ತಿತ್ತ ಓಡಾಡುತ್ತ ಮಾತಾಡಿ ಬಂದ.

"ಆಯ್ತಂತೆ ಮೇಡಂ. ಹೊಸ ಫೋಟೋ ಕಳ್ಸಿ, ಹಳೇದು ತೆಗ್ದು ಅದನ್ನ ಫೈಲಿಗೆ ಹಾಕಿ ನೋಟೀಸ್ ವಾಪಸ್ ತಗೊಳೋಕೆ ಹೇಳ್ತೀನಿ ಅಂದ್ರು. ರಿಪೇರಿನೂ ಮುಂದಕ್ಕೆ ಹೋಗುತ್ತೆ. ಆ ಎರಡ್ನೇದು ನನ್ ವಾಟ್ಸಾಪಿಗೆ ಹಾಕ್ಬಿಡಿ, ಮುಗೀತು."

ಮುಗಿಯುತ್ತಿತ್ತು. ಉಷಾರಾಣಿ ಕ್ಯಾಮೆರಾದಿಂದ ಚಿತ್ರವನ್ನು ಫೋನಿಗೆ ಇಳಿಸಿಕೊಂಡಳು. ಕಳಿಸುವ ಮುಂಚೆ ಅದನ್ನು ದೊಡ್ಡದು ಮಾಡಿ ಮತ್ತೊಮ್ಮೆ ನೋಡಿದಳು. ಬೆಳಿಗ್ಗೆ ಚಿತ್ರ ತೆಗೆದ ಮೇಲೆ ಬೇಲಿಯ ಸಂದಿನಲ್ಲಿ ನುಸುಳಿ ಶಾಲೆಯ ಹಿಂದಕ್ಕೆ ಹೋಗಿದ್ದಳು. ಮೂರು ಮರಗಳು ಮೆದೆಯಿಂದ ಆಚೆ ನೆಟ್ಟಗೆ ನಿಂತಿದ್ದವು. ನಾಲ್ಕನೆಯದು ಮೆದೆಗೂ ಬೇಲಿಗೂ ನಡುವೆ ಇತ್ತು. ಬುಡದಿಂದ ಆಳೆತ್ತರದವರೆಗೆ ನೆಟ್ಟಗಿದ್ದು, ಅಲ್ಲಿಂದ ಮೇಲೆ ಶಾಲೆಯ ಕಡೆಗೆ ವಾಲಿತ್ತು. ಬುಡದ ಒಂದು ಪಕ್ಕದಲ್ಲಿ ಮಣ್ಣು ಕೊಚ್ಚಿಹೋಗಿ ಬೇರು ಬಿಟ್ಟುಕೊಂಡಿತ್ತು. ಈ ಎರಡನೆಯ ಚಿತ್ರದಲ್ಲಿ ಆ ಮರ ಉಳಿದ ಮೂರರ ಜೊತೆ ಅಮಾಯಕವಾಗಿ ದೂರದಲ್ಲಿ ನಿಂತಿತ್ತು.

ಇನ್ನೂರು ಮೀಟರಿನಿಂದ ತೆಗೆದದ್ದು ನಾಲ್ಕು ಮರಗಳನ್ನೂ ಶಾಲೆಯ ಮೇಲೆ ತಂದು ಹಾಕಿತ್ತು. ಇಪ್ಪತ್ತು ಮೀಟರಿನಿಂದ ತೆಗೆದದ್ದು ನಾಲ್ಕನ್ನೂ ದೂರ ಅಟ್ಟಿತ್ತು. ಮೊದಲನೆಯದನ್ನು ಅವಳು ತಿಳಿಯದೆ ಕೊಟ್ಟಿದ್ದಳು.

"ದೇವೀರಪ್ಪನವರೇ, ಇದನ್ನೂ ನಂಬಬೇಡಿ," ಎಂದಳು.

"ಏನು?"

"ಅದು ಹತ್ತಿರ ತೋರಿಸ್ತು, ಇದು ದೂರ ತೋರಿಸುತ್ತೆ. ಫೋಟೋ ನೋಡಿ ಅಂತರ ಹೇಳೋಕಾಗಲ್ಲ. ಅಳೀಬೇಕು."

ಹುಚ್ಚಮ್ಮನ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು.

"ಅಳೆಯೋದೇನೈತೆ? ಕಾಣ್ತೈತಲ್ಲ."

"ಅಜ್ಜಿ, ಆ ವಾಲಿರೋ ಮರ..."

"ಕಳ್ಸು ಅಂದ್ರೆ ಕಳ್ಸವ್ವ. ನಿನ್ನ ತಾವ ಬಂದಿದ್ದು ಮರ ಉಳ್ಸು ಅಂತ. ಅಳತೆ ಹಿಡಿ ಅಂತ ಬರ್ಲಿಲ್ಲ ನಾನು."

ದೇವೀರಪ್ಪ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದ. "ಎಂಜಿನಿಯರ್ರೇ ಒಪ್ಪವ್ರೆ ಮೇಡಂ. ನಿಮ್ಗ್ಯಾಕೆ?"

"ನಾನು ತೆಗೆದ ಫೋಟೋ ಅದಕ್ಕೆ. ಹಿಂದಿನ ಗೋಡೆಗೆ ಅಂಟಿರೋ ಕೊಠಡೀಲಿ ಯಾವ ಕ್ಲಾಸ್ ನಡೆಯುತ್ತೆ?"

"ಒಂದು, ಎರಡು, ಮೂರು. ನಲಿಕಲಿ."

ಹುಚ್ಚಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯಿಂದ ಇಳಿದಳು. ಹೊರಟೇ ಹೋಗುತ್ತಾಳೆ ಎಂದುಕೊಂಡಳು ಉಷಾರಾಣಿ. ಬೇಲಿಯ ಹತ್ತಿರ ನಿಂತು ಹುಚ್ಚಮ್ಮ ಕೂಗಿದಳು:

"ಗಿಡ್ಡಪ್ಪೋ! ಹಗ್ಗ ತಕ್ಕಂಡು ಬಾ ಇಲ್ಲಿ!"

ಗಿಡ್ಡಪ್ಪ ಆ ಊರಿಗೆಲ್ಲ ತೆಂಗಿನಕಾಯಿ ಕೀಳುವವನು. ಹೆಸರಿಗೆ ತಕ್ಕ ಹಾಗೆ ಗಿಡ್ಡ, ಮರ ಹತ್ತಿದರೆ ಅಳಿಲು. ಮರ ಮಾರುವಾಗ, ಕಡಿಯುವಾಗ ಅದರ ಎತ್ತರಕ್ಕೆ ಆ ಕಡೆಯವರು ಟೇಪು ಹಿಡಿಯುವುದಿಲ್ಲ. ಹತ್ತುವವನು ಹಗ್ಗದ ತುದಿಯನ್ನು ಸುಳಿಯ ಬಳಿ ಹಿಡಿದು ಉಳಿದದ್ದನ್ನು ಕೆಳಕ್ಕೆ ಬಿಡುತ್ತಾನೆ, ನೆಲ ಮುಟ್ಟಿದ ಕಡೆ ಗಂಟು ಹಾಕುತ್ತಾರೆ. ಆ ಹಗ್ಗವೇ ಮರದ ಎತ್ತರ. ಅದನ್ನೇ ಬುಡದಿಂದ ನೆಲದ ಮೇಲೆ ಮಲಗಿಸಿದರೆ ಮರ ಬಿದ್ದಾಗ ಎಲ್ಲಿಗೆ ಬರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಮೀಟರಿನ ಲೆಕ್ಕ ಬೇಕಿಲ್ಲ.

"ಎಂಜಿನಿಯರ್ ಟೇಪು ನಂಗೆ ಬ್ಯಾಡ," ಎಂದಳು ಹುಚ್ಚಮ್ಮ. "ನನ್ನ ಮರ ನನ್ನ ಹಗ್ಗ. ಹತ್ತಲಾ."

"ಯಾವ್ದಮ್ಮೋ ಮೊದ್ಲು?"

"ಆ ತುದೀದು."

ಗಿಡ್ಡಪ್ಪ ಕಾಲಿಗೆ ಹಗ್ಗದ ಬಳೆ ಸಿಕ್ಕಿಸಿ ಹತ್ತಿದ. ಹಗ್ಗ ಇಳಿಯಿತು, ದೇವೀರಪ್ಪ ಗಂಟು ಹಾಕಿದ. ಬುಡದಿಂದ ಶಾಲೆಯ ಕಡೆಗೆ ಎಳೆದರೆ ಹಗ್ಗ ಮೆದೆಯನ್ನು ದಾಟಿ, ಬೇಲಿ ಮುಟ್ಟದೆ ನಿಂತಿತು. ಗೋಡೆಗೆ ಇನ್ನೂ ನಾಲ್ಕು ಮಾರು ದೂರ. ಎರಡನೆಯದೂ ಹಾಗೆಯೇ. ಮೂರನೆಯದು ಸ್ವಲ್ಪ ಎತ್ತರ, ಆದರೂ ಬೇಲಿ ದಾಟಲಿಲ್ಲ. ಪ್ರತಿ ಸಲವೂ ಹುಚ್ಚಮ್ಮ ಹಗ್ಗದ ತುದಿಯನ್ನು ಕಾಲಿನಿಂದ ಒತ್ತಿ ಹಿಡಿದು ದೇವೀರಪ್ಪನ ಮುಖ ನೋಡುತ್ತಿದ್ದಳು.

"ಬರ್ಕಳ್ಳಿ ಅಧ್ಯಕ್ಷ್ರೇ. ಬರ್ಕಳ್ಳಿ."

"ಬರ್ಕೊಂಡೆ ಕಣಮ್ಮ, ಸಾಕು ಅಣಕ."

ಹಳ್ಳಿಯ ಏಳೆಂಟು ಜನ ಬೇಲಿಯಾಚೆ ಸೇರಿದ್ದರು. ಸೊಸೆಯೂ ಬಂದು ನಿಂತಿದ್ದಳು, ಸೆರಗು ಬಾಯಿಗಿಟ್ಟುಕೊಂಡು.

ನಾಲ್ಕನೆಯ ಮರಕ್ಕೆ ಗಿಡ್ಡಪ್ಪ ಹತ್ತುವಾಗ ಯಾರೂ ತಮಾಷೆ ಮಾಡಲಿಲ್ಲ. ಅವನ ಭಾರಕ್ಕೆ ಮರದ ತಲೆ ಸ್ವಲ್ಪ ತೂಗಿತು. ಹಗ್ಗ ಇಳಿಯಿತು. ಈ ಸಲ ಗಂಟು ಹಾಕಿದವಳು ಹುಚ್ಚಮ್ಮನೇ. ಗಿಡ್ಡಪ್ಪ ಮೇಲಿನ ತುದಿಯನ್ನು ಕೆಳಕ್ಕೆ ಬಿಟ್ಟ. ಬುಡದಲ್ಲಿ ತುದಿ ಹಿಡಿದು ಅವಳು ನಿಂತಳು, ಗಂಟಿನ ತುದಿ ಹಿಡಿದು ಉಷಾರಾಣಿ ಶಾಲೆಯ ಕಡೆಗೆ ನಡೆದಳು. ಬೇಲಿ ಬಂತು. ದೇವೀರಪ್ಪ ಮುಳ್ಳು ಸರಿಸಿಕೊಟ್ಟ. ಬೇಲಿ ದಾಟಿದಳು. ಗೋಡೆ ಬಂತು. ಹಿಂಗೈ ಗೋಡೆಗೆ ತಗುಲಿದಾಗ ಗಂಟಿಗೆ ಮುಂಚಿನ ಒಂದೂವರೆ ಮಾರು ಹಗ್ಗ ಅವಳ ಕೈಯಲ್ಲಿ ಇನ್ನೂ ಉಳಿದಿತ್ತು.

ಆ ಒಂದೂವರೆ ಮಾರು ಗೋಡೆಯಾಚೆ ಎಲ್ಲಿಯವರೆಗೆ ಬರುತ್ತದೆ ಎಂದು ನೋಡಲು ಬೀಗ ತೆಗೆಯಬೇಕಾಗಿರಲಿಲ್ಲ. ಸಣ್ಣ ಕಿಟಕಿಯಿಂದ ಒಳಗೆ ಮಕ್ಕಳು ಕೂರುವ ಗುಂಡು ಮೇಜುಗಳು ಕಾಣುತ್ತಿದ್ದವು, ಗೋಡೆಯ ಪಕ್ಕಕ್ಕೇ.

ಹುಚ್ಚಮ್ಮ ಬುಡದ ತುದಿಯನ್ನು ಕೆಳಗೆ ಬಿಟ್ಟು ನಿಧಾನವಾಗಿ ಹಗ್ಗದ ಗುಂಟ ನಡೆದು ಬಂದಳು. ಉಷಾರಾಣಿಯ ಕೈಯಲ್ಲಿ ಉಳಿದ ಹಗ್ಗವನ್ನು ಮುಟ್ಟಲಿಲ್ಲ, ಬರೀ ನೋಡಿದಳು. ಆಮೇಲೆ ಕಿಟಕಿಯಲ್ಲಿ ಇಣುಕಿದಳು.

"ಈ ಮರ ವಾಲೈತೆ ಅಂತ ನಂಗೆ ಗೊತ್ತಿಲ್ಲ ಅಂದ್ಕಂಡ್ಯಾ?" ಎಂದಳು, ಕಿಟಕಿಯ ಕಡೆಯೇ ಮುಖವಿಟ್ಟುಕೊಂಡು. "ಹೋದ್ ವರ್ಸ ಗಾಳಿಗೆ ಬುಡದ ಮಣ್ಣು ಬಿಡ್ತು. ಮಣ್ಣು ಹಾಕ್ಸಿದೆ, ನಿಲ್ಲಲಿಲ್ಲ. ನಾಕರಾಗೂ ಹೆಚ್ಚು ಬಿಡೋದು ಇದೇ."

"ಮೊದಲೇ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಯಾರಿಗೆ ಹೇಳ್ಲಿ? ಫೋಟೋ ತೆಗ್ಯೋಳು ಹೊಲದಾಗೆ ನಿಂತಿದ್ದೆ. ನೋಟೀಸ್ ಕೊಟ್ಟೋರು ಅಲ್ಲಿಗೂ ಬರ್ಲಿಲ್ಲ. ಯಾರಾದ್ರೂ ಮನೆ ತಾವ ಬಂದು, ಹುಚ್ಚಮ್ಮ ನಿನ್ ಮರ ಹೆಂಗವೆ ಅಂದಿದ್ರೆ, ಈ ಒಂದು ಮರ ಸರಿಯಿಲ್ಲ ಕಣ್ರಪ್ಪ ಅಂತ ನಾನೇ ಅಂತಿದ್ದೆ. ನಾಕೂ ಕಡಿ ಅಂದ್ರು. ನಾಕೂ ಬಿಡಲ್ಲ ಅಂದೆ."

ದೇವೀರಪ್ಪ ನೆಲ ನೋಡಿದ. ಉಷಾರಾಣಿ ಬ್ಯಾಗಿನಿಂದ ಹಾಳೆ ತೆಗೆದು ಗೋಡೆಗೆ ಒತ್ತಿ ಹಿಡಿದು ಬರೆದಳು. ಒಂದು, ಎರಡು, ಮೂರನೆಯ ಮರಗಳು ಬಿದ್ದರೂ ಕಟ್ಟಡಕ್ಕೆ ತಾಗುವುದಿಲ್ಲ. ನಾಲ್ಕನೆಯದು ತಾಗುತ್ತದೆ. ಅಳೆದ ವಿಧಾನ, ಸಾಕ್ಷಿಗಳ ಹೆಸರು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಕಡತದಲ್ಲಿರುವ ಛಾಯಾಚಿತ್ರವನ್ನು ನಾನು ಇನ್ನೂರು ಮೀಟರ್ ದೂರದಿಂದ ತೆಗೆದಿದ್ದು, ಅದರಿಂದ ಮರಗಳ ಅಂತರ ತಿಳಿಯುವುದಿಲ್ಲ. ಸಹಿ ಹಾಕಿ ದೇವೀರಪ್ಪನಿಗೆ ಕೊಟ್ಟಳು.

ಅವನು ಎರಡು ಸಲ ಓದಿದ. "ಇದಕ್ಕೆ ಫೋಟೋ ಲಗತ್ತು ಬ್ಯಾಡ್ವಾ ಮೇಡಂ?"

"ಬೇಡ. ಬಂದು ನೋಡ್ಲಿ ಅನ್ನಿ."

ಹುಚ್ಚಮ್ಮ ಆಗಲೇ ಬೇಲಿ ದಾಟಿ ಆಚೆ ಹೋಗಿದ್ದಳು. ಮರದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ಗಿಡ್ಡಪ್ಪ ಇನ್ನೂ ಅಲ್ಲೇ, ಗರಿಗಳ ನಡುವೆ ಕಾಲು ಚಾಚಿಕೊಂಡು ಕೂತಿದ್ದ.

"ಇಳೀಲಾ ಅಮ್ಮೋ?"

"ಇಳೀಬ್ಯಾಡ. ಹತ್ತಿದ್ದು ಹತ್ತಿದ್ದಾಗೈತೆ, ಕಾಯಿ ಇಳ್ಸು. ಎಳೇವೂ ಇಳ್ಸು, ಕಡಿಯೋ ಮರದಾಗೆ ಬಿಟ್ರೆ ಯಾರಿಗೆ?"

ಮೇಲಿಂದ ಮಚ್ಚಿನ ಸದ್ದು ಬಂತು. ಮೊದಲ ಗೊನೆ ಧೊಪ್ಪನೆ ಬೇಲಿಯ ಪಕ್ಕಕ್ಕೆ ಬಿತ್ತು. ಕ್ಯಾಮೆರಾ ಬ್ಯಾಗು ಹೆಗಲಿಗೇರಿಸಿ ಬೇಲಿಯ ಸಂದಿನಲ್ಲಿ ನಿಂತಿದ್ದ ಉಷಾರಾಣಿ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಉಳಿದಳು. ಹುಚ್ಚಮ್ಮ ಅವಳ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

"ಅಲ್ಲೇನು ನಿಂತಿದ್ದೀಯ ಮರ ವಾಲಿರೋ ಕಡೆ? ತಲೆ ಮೇಲೆ ಬೀಳುತ್ತೆ. ಈ ಕಡೆ ಬಾ."

ಉಷಾರಾಣಿ ಎರಡು ಹೆಜ್ಜೆ ಸರಿದಳು.

"ಇನ್ನೂ ಈಚೆಗೆ ಬಾರವ್ವ. ಇಲ್ಲಿ, ನನ್ನ ಪಕ್ಕಕ್ಕೆ."

ಅವಳು ಹೋಗಿ ಪಕ್ಕದಲ್ಲಿ ನಿಂತಳು. ಗಿಡ್ಡಪ್ಪ ಎರಡನೆಯ ಗೊನೆಗೆ ಮಚ್ಚು ಹಾಕಿದ.